ಬಿಸಿಗಾಳಿ ಹೊರಬೀಳುವ ಕಡೆ

ನಮ್ಮಲ್ಲಿ ಹೆಣ್ಣಿಗೆ ಚೊಚ್ಚಲ ಮಗು ಹುಟ್ಟಿದ ದಿನವೇ ಅವಳ ಸ್ವಂತ ಹೆಸರು ಮೂಲೆ ಸೇರುತ್ತದೆ. ಅಂದಿನಿಂದ ಅವಳು ಬಾನಾ ಇಂಥವರು, ಅಂದರೆ ಇಂಥವರ ತಾಯಿ. ನಾನು ಬಾನಾ ಲೊಂಬೆ. ನನ್ನ ಲೊಂಬೆಯ ತಲೆ ನರೆತು ಅವನೇ ಅಜ್ಜನಾಗುವ ಹೊತ್ತು ಬಂದಿದೆ. ನನ್ನ ನಿಜವಾದ ಹೆಸರೇನೆಂದು ಕೇಳಿದರೆ ಊರಿನ ಅರ್ಧ ಜನಕ್ಕೆ ಗೊತ್ತಿಲ್ಲ.

ಈಗ ಹೇಳಹೊರಟಿರುವುದು ಬಾನಾ ಕಸೂಬಾಳ ವಿಷಯ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳ ಮಗಳು ಕಸೂಬಾ ಜ್ವರ ಬಂದು ತೀರಿಕೊಂಡಳು. ಇಪ್ಪತ್ತೆರಡರ ಹುಡುಗಿ, ಒಬ್ಬಳೇ ಮಗಳು. ಆಮೇಲೆ ತಾಯಿಯನ್ನು ಏನೆಂದು ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ಆ ಹೆಸರು ಎತ್ತಿದರೆ ಗಾಯ ಕೆದಕಿದ ಹಾಗೆ, ಎತ್ತದಿದ್ದರೆ ಕಸೂಬಾ ಎಂಬವಳು ಇರಲೇ ಇಲ್ಲ ಎಂದ ಹಾಗೆ. ಜನ ಸುಲಭದ ದಾರಿ ಹಿಡಿದರು, ಅವಳನ್ನು ಕರೆಯುವುದನ್ನೇ ಬಿಟ್ಟರು. ಎದುರಿಗೆ ಸಿಕ್ಕರೆ ಕೆಮ್ಮುವುದು, ತಲೆ ಆಡಿಸುವುದು, ಮೋಡ ನೋಡುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ನಾನೂ ಅದನ್ನೇ ಮಾಡಿದೆ.

ಅವಳ ಕೆಲಸ ಜಲಪಾತದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ. ಹಡಗಿನಲ್ಲಿ ಸಾಮಾನು ಸಾಗಿಸುವ ಕಂಟೇನರ್ ಅದು. ಲಾರಿಯ ಮೇಲೆ ಬಂದು ಕರೆಂಟು ಮನೆಯ ಪಕ್ಕ ಇಳಿದು ಕೂತಿತು. ಜಲಪಾತದ ಕರೆಂಟಿನಲ್ಲಿ ನಮ್ಮ ಬಲ್ಬು, ಹಿಟ್ಟಿನ ಗಿರಣಿ, ಆಸ್ಪತ್ರೆ ಎಲ್ಲ ನಡೆದ ಮೇಲೂ ಬೇಕಾದಷ್ಟು ಉಳಿಯುತ್ತದಂತೆ. ಉಳಿದದ್ದನ್ನು ಪೆಟ್ಟಿಗೆಯೊಳಗಿನ ಕಂಪ್ಯೂಟರುಗಳು ತಿನ್ನುತ್ತವೆ. ತಿಂದು ಏನು ಮಾಡುತ್ತವೆ ಅಂದರೆ, ಲೆಕ್ಕ ಮಾಡುತ್ತವೆ. ಹಗಲೂ ಲೆಕ್ಕ, ರಾತ್ರಿಯೂ ಲೆಕ್ಕ. ಆ ಲೆಕ್ಕದಿಂದ ಎಲ್ಲೋ ಒಂದು ನಾಣ್ಯ ಹುಟ್ಟುತ್ತದೆ. ಅದನ್ನು ಯಾರೂ ಕಂಡಿಲ್ಲ, ಮುಟ್ಟಿಲ್ಲ.

"ಹಾಗಾದ್ರೆ ನಿನ್ನ ಸಂಬಳಾನೂ ಕಣ್ಣಿಗೆ ಕಾಣದ ಹಾಗೇ ಕೊಡ್ತಾರೇನೇ?" ಎಂದು ನಾನು ಕೇಳಿದ್ದೆ.

"ನಿನ್ನ ಬುದ್ಧಿ ಥರ ಅಲ್ಲ ಬಿಡು ಮುದುಕಿ, ಅದು ಸ್ವಲ್ಪನಾದ್ರೂ ಕಾಣತ್ತೆ" ಎಂದಿದ್ದಳು. ಆಗ ಅವಳ ನಾಲಿಗೆ ಹಾಗಿತ್ತು.

ಲೆಕ್ಕ ಮಾಡುವ ಪ್ರೊಸೆಸರ್‌ಗಳಿಗೆ ಒಂದೇ ಶತ್ರು, ಬಿಸಿ. ಅವು ದುಡಿದಷ್ಟೂ ಕಾಯುತ್ತವೆ. ಅವು ಹೆಚ್ಚು ಕಾಯದಂತೆ ನೋಡಿಕೊಳ್ಳುವುದೇ ಬಾನಾ ಕಸೂಬಾಳ ಕೆಲಸ. ಪರದೆಯ ಮೇಲೆ ಒಂದೊಂದು ಯಂತ್ರಕ್ಕೂ ಒಂದೊಂದು ಅಂಕಿ, ಅದರ ಬಿಸಿ ಎಷ್ಟು ಡಿಗ್ರಿ ಎಂದು. ಎಪ್ಪತ್ತರ ಆಸುಪಾಸು ಇದ್ದರೆ ಹಸಿರು. ಎಂಬತ್ತು ದಾಟಿದರೆ ಹಳದಿ. ತೊಂಬತ್ತು ಮುಟ್ಟಿದರೆ ಕೆಂಪು, ಆಮೇಲೆ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಹಳದಿ ಕಂಡ ಕೂಡಲೇ ಅವಳು ಎದ್ದು ಗಾಳಿ ಒಳಗೆ ಬರುವ ಜಾಲರಿಗೆ ಮೆತ್ತಿದ ಧೂಳು, ಹುಳ ಎಲ್ಲ ಬಡಿದು ತೆಗೆಯುತ್ತಿದ್ದಳು, ಫ್ಯಾನು ಸುತ್ತುತ್ತಿದೆಯೋ ಎಂದು ನೋಡುತ್ತಿದ್ದಳು, ಯಾವುದಕ್ಕೂ ಬಗ್ಗದಿದ್ದರೆ ಆ ಸಾಲಿನ ಲೆಕ್ಕದ ವೇಗವನ್ನು ಇಳಿಸುತ್ತಿದ್ದಳು. ಸಂಜೆ ಪಟ್ಟಣದ ಎಂಜಿನಿಯರ್‌ಗೆ ಫೋನಿನಲ್ಲಿ ವರದಿ.

ಈ ಕೆಲಸಕ್ಕೆ ಬರುವ ಮೊದಲು ಅವಳು ಹಿಟ್ಟಿನ ಗಿರಣಿಯಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದಳು. ಅವಳ ಗಂಡ ತಾಮ್ರದ ಗಣಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವಳು ಅತ್ತು ಕರೆದು ಮಾಡಲಿಲ್ಲ. ಸೊಂಟಕ್ಕೆ ಮಗಳನ್ನು ಕಟ್ಟಿಕೊಂಡು ಗಿರಣಿಯ ಬಾಗಿಲು ತೆಗೆದಳು, ಅಷ್ಟೆ. ಮೋಟಾರು ಕಾದಿದೆಯೇ ಎಂದು ಅಂಗೈ ತಿರುಗಿಸಿ ಹಿಂಬದಿಯಿಂದ ಮುಟ್ಟಿ ನೋಡುವ ಅಭ್ಯಾಸ ಅಲ್ಲಿಂದಲೇ ಬಂದದ್ದು. ಪೆಟ್ಟಿಗೆಗೆ ಬಂದ ಮೇಲೂ, ಪರದೆಯಲ್ಲಿ ಅಂಕಿ ಇದ್ದರೂ, ದಿನಕ್ಕೊಮ್ಮೆ ಎಲ್ಲ ಯಂತ್ರಗಳನ್ನೂ ಹಾಗೆ ಮುಟ್ಟಿ ಬರುತ್ತಿದ್ದಳು. ಮಕ್ಕಳ ಹಣೆ ಮುಟ್ಟುವುದೂ ಹಾಗೇ ತಾನೇ.

ಪೆಟ್ಟಿಗೆಯ ಹೊಳೆ ಬದಿಯಿಂದ ತಂಪು ಗಾಳಿ ಒಳಗೆ ಹೋಗುತ್ತದೆ, ಊರಿನ ಬದಿಯಿಂದ ಬಿಸಿಗಾಳಿ ಹೊರಗೆ ಬೀಳುತ್ತದೆ. ನಮಗೆ ಬೇಕಾದದ್ದು ಆ ಬಿಸಿಗಾಳಿ. ಮಳೆಗಾಲದಲ್ಲಿ ಮರಗೆಣಸು ಒಣಗಿಸುವುದು ಎಂಥ ಪಾಡೆಂದು ಒಣಗಿಸಿದವರಿಗೇ ಗೊತ್ತು. ನೆನೆಹಾಕಿ, ಸುಲಿದು, ಚಾಪೆಯ ಮೇಲೆ ಹರಡಿದರೆ ಮಳೆ. ಎತ್ತಿಟ್ಟರೆ ಬಿಸಿಲು. ಸ್ವಲ್ಪ ಮೈಮರೆತರೆ ಬೂಷ್ಟು. ಪೆಟ್ಟಿಗೆ ಬಂದ ಮೊದಲ ಮಳೆಗಾಲದಲ್ಲೇ ಹೆಂಗಸರೆಲ್ಲ ಬುಟ್ಟಿ, ಚಾಪೆ, ಬಿದಿರಿನ ತಟ್ಟಿ ಹೊತ್ತುಕೊಂಡು ಆ ಕಡೆ ಬೀಡುಬಿಟ್ಟೆವು. ಕಾಣದ ನಾಣ್ಯ ಯಾರಿಗಾದರೂ ಹೋಗಲಿ, ನಮ್ಮ ಹಿಟ್ಟು ನಮಗೆ.

ಅಲ್ಲಿ ದರ್ಬಾರು ಕಸೂಬಾಳದು. ಗೋಡೆಯ ಪಕ್ಕ ಕೂತು ಬೋಂಡಾ ಕರಿದು ಮಾರುತ್ತಿದ್ದಳು. ಕೂದಲಲ್ಲಿ ಸಿಕ್ಕಿಸಿದ ಕೆಂಪು ಬಾಚಣಿಗೆ, ಒಂದು ಕೈಯಲ್ಲಿ ಜಾಲರಿ ಸೌಟು, ಒಂದು ಕೈ ಸೊಂಟದ ಮೇಲೆ. ಯಾರ ತಟ್ಟಿಯಾದರೂ ಬಿಸಿಗಾಳಿಯ ಬಾಯಿಗೆ ತೀರ ಹತ್ತಿರ ಹೋಯಿತೋ, ಸೌಟು ಮೇಲೇಳುತ್ತಿತ್ತು.

"ಅಮ್ಮಾವ್ರೇ! ಹಿಂದೆ ಸರೀರಿ! ಅದು ಉಸಿರಾಡ್ಬೇಕು. ನಿಮ್ಮ ಮೂಗಿಗೆ ಯಾರಾದ್ರೂ ಒಣಮೀನು ತುರುಕಿದ್ರೆ ಸುಮ್ನಿರ್ತೀರಾ?"

ನಾವು ಬೈದುಕೊಂಡೇ ಸರಿಯುತ್ತಿದ್ದೆವು. ತಾಯಿ ಒಳಗೆ ಕೂತು ನಗುತ್ತಿದ್ದಳು. ಹುಡುಗಿಗೆ ಗಂಟಲು ದೊಡ್ಡದು, ಹುಟ್ಟುಗುಣ ಎಂದುಕೊಂಡಿದ್ದೆವು. ಅದೂ ಒಂದು ಕೆಲಸ ಎಂದು ನಮಗೆ ಹೊಳೆದಿರಲಿಲ್ಲ.

ಇಲ್ಲಿ ನನ್ನ ಸಂಬಂಧ ಹೇಳಬೇಕು. ನಾನು ಮಳೆ ಬೆಡಗಿನವಳು, ಅವರು ಅಣಬೆ ಬೆಡಗಿನವರು. ಮಳೆ ಇಲ್ಲದೆ ಅಣಬೆ ಎಲ್ಲಿಂದ ಬಂತು? ಆದ್ದರಿಂದ ನಮಗೆ ಅವರನ್ನು ಗೇಲಿ ಮಾಡುವ ಹಕ್ಕುಂಟು, ಅವರಿಗೂ ನಮ್ಮನ್ನು. ಅವರ ಮನೆಯಲ್ಲಿ ಸಾವಾದರೆ ಗುಂಡಿ ತೋಡುವವರು, ಅಡುಗೆ ಮಾಡುವವರು ನಾವು. ಅಳುವವರ ಮಧ್ಯೆ ನುಗ್ಗಿ ಕೋಡಂಗಿ ಆಟ ಆಡುವವರೂ ನಾವೇ. ಸತ್ತವರ ನಡಿಗೆ, ಮಾತು ಅಣಕಿಸುತ್ತೇವೆ. ಅಳು ಗಟ್ಟಿಯಾಗಿ ಎದೆಯಲ್ಲಿ ಕೂರದಿರಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ಸೂತಕ ಕಳೆಯುವ ಊಟ ಆಗುವ ತನಕ ಆ ಹಕ್ಕು ನಮ್ಮದು.

ಕಸೂಬಾಳ ಸಾವಿನಲ್ಲೂ ಆಡಿದೆ. ತಾಯಿಯ ಚಪ್ಪಲಿ ಕದ್ದು ಓಡಿದೆ. ಹೆಣ ಹೊತ್ತವರಿಗೆ ಅಡ್ಡ ಮಲಗಿ, "ಅಣಬೆಗಳೆಲ್ಲ ದಂಡ ಕೊಟ್ಟು ಮುಂದೆ ಹೋಗಿ" ಎಂದೆ. ಅಳುತ್ತಿದ್ದವರು ಮೂಗು ಸೀಟುತ್ತ ನಕ್ಕರು. ಬಾನಾ ಕಸೂಬಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಏನೂ ಇರಲಿಲ್ಲ. ಕಸೂಬಾಳ ಅಣಕು ಮಾಡಲು ಬಾಯಿ ತೆರೆದವಳು ಎದ್ದು ಅಡುಗೆಯ ಕಡೆ ಹೋದೆ. ಅವಳ ಗಂಟಲು ನನಗೆ ಬರಲಿಲ್ಲ, ಅಷ್ಟೇ.

ಅವಳು ಅಳಲಿಲ್ಲ. ಮಣ್ಣು ಮಾಡಿ ಬಂದ ವಾರವೇ ಪೆಟ್ಟಿಗೆಯ ಬಾಗಿಲು ತೆಗೆದಳು. ಮುದ್ದೆ ಕೊಟ್ಟರೆ ತಿಂದಳು, ಕೊಡದಿದ್ದರೆ ಕೇಳಲಿಲ್ಲ. ಒಮ್ಮೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಳು. ನಾನು ಕಿರುಚಿದೆ, ಅವಳು ಬೆರಳಿನ ಬೊಬ್ಬೆಯನ್ನು ಬೇರೆ ಯಾರದೋ ಬೆರಳು ಎಂಬಂತೆ ತಿರುಗಿಸಿ ನೋಡಿದಳು. ಯಂತ್ರಗಳನ್ನು ಮುಟ್ಟಿ ನೋಡುವುದನ್ನೂ ಬಿಟ್ಟಿದ್ದಳು. ಪರದೆಯ ಮುಂದೆ ಕೂರುವುದು, ಸಂಜೆ ಅಂಕಿ ಕಳಿಸುವುದು, ಮನೆ.

"ಹೇಗಿದ್ದೀಯೇ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ಎಪ್ಪತ್ನಾಲ್ಕು" ಎನ್ನುತ್ತಿದ್ದಳು.

ಮೊದಲು ತಮಾಷೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅವಳ ಬಳಿ ಇದ್ದ ಉತ್ತರ ಅದೊಂದೇ.

ಮಳೆ ಜೋರಾದ ಹಾಗೆ ಉತ್ತರ ಏರಿತು. ಎಪ್ಪತ್ತೆಂಟು. ಎಂಬತ್ತಮೂರು. ಎಂಬತ್ತೆಂಟು. ಒಂದು ದಿನ ಒಂದಿಡೀ ಸಾಲು ನಿಂತುಹೋಯಿತು. ಮರುವಾರ ಇನ್ನೆರಡು ಸಾಲು. ಪಟ್ಟಣದಿಂದ ಎಂಜಿನಿಯರ್ ಸಿಯಾಮೆ ಬಂದ. ಒಳ್ಳೆಯ ಹುಡುಗ, ಮುಖದಲ್ಲಿ ಸದಾ ನಿದ್ದೆಗೆಟ್ಟ ಕಳೆ. ಹೊಸ ಫ್ಯಾನು ಹಾಕಿದ, ಜಾಲರಿ ಬದಲಿಸಿದ, ಪ್ರೊಸೆಸರ್ ಮೇಲಿನ ಬಿಸಿ ಹೀರುವ, ಒಣಗಿದ ಬಿಳಿ ಅಂಟನ್ನು ಕೆರೆದು ಹೊಸದು ಬಳಿದ. ಪರದೆ ಹಸಿರಾಯಿತು. ಅವನು ಹೋದ, ಮತ್ತೆ ಹಳದಿ. ಪುನಃ ಬಂದ, ಹಸಿರು. ಹೋದ, ಕೆಂಪು.

ಮೂರನೆಯ ಸಲ ಬಂದವನು ಬಾಗಿಲಲ್ಲೇ ನಿಂತ.

"ಬಾ ಡೋರಿಕಾ," ಎಂದ. ಡೋರಿಕಾ ಅವಳ ಚರ್ಚಿನ ಹೆಸರು, ಬಾ ಎನ್ನುವುದು ನಮ್ಮಲ್ಲಿ ಮರ್ಯಾದೆಗೆ; ಕಂಪನಿಯವರು ಕರೆಯುವುದು ಹಾಗೆ. "ನಾನು ಬಂದ ದಿನ ಎಲ್ಲ ಸರಿ ಇರತ್ತೆ. ಬೆನ್ನು ತಿರುಗಿಸಿದ್ರೆ ಕೆಡತ್ತೆ. ಯಂತ್ರಕ್ಕೆ ನನ್ನ ಮುಖ ಗುರುತು ಸಿಗಲ್ಲ ಅಲ್ವಾ? ಮೇಲಿನವ್ರು ಏನಂತಾರೆ ಗೊತ್ತಾ? ಆಯಮ್ಮ ಕೂತಲ್ಲೇ ಕಳೆದುಹೋಗಿದಾರೆ, ಬೇರೆಯವ್ರನ್ನ ಹಾಕು ಅಂತಾರೆ."

ಅವಳು ಪರದೆ ನೋಡುತ್ತಿದ್ದಳು.

"ಏನಾದ್ರೂ ಹೇಳಿ ಅಮ್ಮ. ನಿಮ್ಮ ಪರವಾಗಿ ಹೇಳೋಕೆ ನನಗೇನಾದ್ರೂ ಬೇಕಲ್ಲ."

"ಎಪ್ಪತ್ತೊಂದು" ಎಂದಳು.

ಹೊಳೆಯ ಸೇತುವೆ ಮುಳುಗಿದ್ದರಿಂದ ಅವನು ಅಂದು ಚರ್ಚಿನ ಅತಿಥಿ ಮನೆಯಲ್ಲೇ ಉಳಿದ. "ನಾಳೆ ನೋಡ್ಕೊಂಡು ಹೋಗ್ತೀನಿ. ನಾಳೆನೂ ನಿಂತ್ರೆ ನನ್ನ ಕೈಲಿ ಏನೂ ಇಲ್ಲ" ಎಂದು ಹೊರಟ.

 ಆ ಕುರ್ಚಿ ಒಂದು ಇರುವುದರಿಂದ ಅವಳು ಬೆಳಗ್ಗೆ ಏಳುತ್ತಿದ್ದಳು, ಬಟ್ಟೆ ಉಡುತ್ತಿದ್ದಳು, ಹೊಳೆಯ ತನಕ ನಡೆಯುತ್ತಿದ್ದಳು. ಅದೂ ಹೋದರೆ ಗೋಡೆಗೆ ಮುಖ ಮಾಡಿ ಮಲಗಿದವಳನ್ನು ಯಾರೂ ಎಬ್ಬಿಸಲಾರರು. ಅಂಥವರನ್ನು ನಾನು ನೋಡಿದ್ದೇನೆ.

ಅವನು ಹೋದ ಮೇಲೆ ನಾವು ಹೆಂಗಸರು ಬಿಸಿಗಾಳಿಯ ಕಡೆ ಮತ್ತೆ ತಟ್ಟಿ ಜೋಡಿಸತೊಡಗಿದೆವು. ಪಟ್ಟಣದ ಅತಿಥಿ ಬರುತ್ತಾನೆಂದರೆ ಅಂಗಳ ಗುಡಿಸಿ ಚೊಕ್ಕಟ ಮಾಡದಿರಲಾಗುತ್ತದೆಯೇ? ಅವನ ಮೋಟರ್ ಸೈಕಲ್ ಸದ್ದು ಗುಡ್ಡದ ಮೇಲೆ ಕೇಳಿದ ತಕ್ಷಣ ಎಲ್ಲವನ್ನೂ ಎತ್ತಿ ಗಿರಣಿಯ ಹಿಂದೆ ಒಯ್ಯುತ್ತಿದ್ದೆವು, ಹೋದ ಮೇಲೆ ತರುತ್ತಿದ್ದೆವು. ಈ ಸಲ ತಟ್ಟಿಗಳೂ ಹೆಚ್ಚು. ಸೂತಕ ಕಳೆಯುವ ಊಟಕ್ಕೆ ಹಿಟ್ಟು ಬೇಕು, ಊರಿಗೆ ಊರೇ ಉಣ್ಣಬೇಕು. ತಾಯಿಗೆ ಹೇಳದೆ ಒದಗಿಸುವುದು ನಮ್ಮ ಪದ್ಧತಿ, ಉಸ್ತುವಾರಿ ನನ್ನದು. ಮಳೆಹನಿ ಬೀಳದಂತೆ ಪೆಟ್ಟಿಗೆಯ ಸೂರಿನಿಂದ ನೆಲದ ತನಕ ನೀಲಿ ಟಾರ್ಪಾಲು ಇಳಿಬಿಟ್ಟು, ಅದರೊಳಗೆ ತಟ್ಟಿಗಳನ್ನು ಗೋಡೆಗೇ ಆನಿಸಿದ್ದೆವು. ಒಳಗೆ ಒಲೆಯಂತೆ ಬಿಸಿ, ಒಂದೇ ದಿನದಲ್ಲಿ ಗೆಣಸು ಕಟುಂ ಎನ್ನುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ನಮ್ಮಲ್ಲೊಬ್ಬಳು, ಬಾನಾ ಚೋಲಾ, ಟಾರ್ಪಾಲಿನ ಕೊನೆಯ ಹಗ್ಗ ಬಿಗಿದಳು. ಸ್ವಲ್ಪ ಹೊತ್ತಿಗೆ ಒಳಗಿನ ಫ್ಯಾನುಗಳ ಸದ್ದು ಬದಲಾಯಿತು. ಗುಂಯ್‌ಗುಡುತ್ತಿದ್ದದ್ದು ಕೀರಲಾಯಿತು, ಏರುತ್ತ ಹೋಯಿತು. ನನ್ನ ಕೈಯಲ್ಲಿದ್ದ ತಟ್ಟಿ ಅಲ್ಲೇ ನಿಂತಿತು. ನಿಮ್ಮ ಮೂಗಿಗೆ ಯಾರಾದ್ರೂ ಒಣಮೀನು ತುರುಕಿದ್ರೆ. ಅಯ್ಯೋ ನನ್ನ ಹಾಳು ತಲೆಯೇ! ಅತಿಥಿ ಬಂದ ದಿನ ಹಸಿರು, ಹೋದ ದಿನ ಕೆಂಪು. ಅವನು ಯಂತ್ರ ಹುಡುಕಿದ, ನಾವು ಅಂಗಳ ಗುಡಿಸಿಟ್ಟೆವು.

ಸುತ್ತಿ ಬಂದು ಬಾಗಿಲು ನೂಕಿದೆ. ಅವಳು ಕೂತಿದ್ದಳು. ಪರದೆಯಲ್ಲಿ ಅರ್ಧ ಹಳದಿ.

"ಏ ಅಣಬೆ, ಇದು ನಮ್ಮ ತಟ್ಟಿಗಳಿಂದ ಆಗ್ತಿರೋದು."

"ಗೊತ್ತು."

"ಗೊತ್ತಾ? ಯಾವಾಗಿಂದ ಗೊತ್ತು?"

"ಮೊದ್ಲಿಂದ."

"ಬಾಯಿಗೇನು ಬೀಗ ಹಾಕಿತ್ತಾ? ನಿನ್ನ ಕುರ್ಚಿ ಹೋಗ್ತಾ ಇದೆ! ಎದ್ದು ಬಂದು ಎರಡು ಬೈದಿದ್ರೆ ನಾವು ಸರೀತಿರ್ಲಿಲ್ವಾ?"

"ಆ ಕಡೆ ಅವಳ್ದು" ಎಂದಳು. ಮಗಳ ಹೆಸರು ಹೇಳಲಿಲ್ಲ. "ನಾನು ಆ ಕಡೆ ಹೋಗಿಲ್ಲ."

 ಅವಳೇ ಮುಂದುವರಿಸಿದಳು, ಸಂಜೆಯ ವರದಿ ಓದುವ ದನಿಯಲ್ಲಿ.

"ಆಸ್ಪತ್ರೇಲಿ ನರ್ಸಮ್ಮ ಜ್ವರ ನೋಡಿ ನಲವತ್ತು ಅಂದ್ಲು. ಇಲ್ಲಿ ದಿನಾ ಎಪ್ಪತ್ತು, ಎಂಬತ್ತು ನೋಡೋಳು ನಾನು. ನಲವತ್ತು ಅಂದ್ರೆ ನನಗೆ ತಣ್ಣಗೆ ಕೇಳಿಸ್ತು. ನಲವತ್ತು ತಾನೇ ಅಂದ್ಕೊಂಡೆ, ಮನುಷ್ಯರಿಗೆ ಅದು ಸುಡೋ ಜ್ವರ ಅಂತ ಹೊಳೀಲಿಲ್ಲ. ಇಲ್ಲಿ ಒಂದು ಸಾಲು ಹಳದಿ ಆಗಿತ್ತು, ನೋಡ್ಕೊಂಡು ಬರ್ತೀನಿ ಅಂತ ಬಂದೆ. ಜಾಲರಿ ಬಡಿದೆ. ವಾಪಸ್ ಹೋಗೋ ಹೊತ್ತಿಗೆ ಅವಳಿಗೆ ಮಾತು ನಿಂತಿತ್ತು."

"ಕೂತಿದ್ರೆ ಉಳೀತಿದ್ಲಾ? ಆ ಜ್ವರ ಯಾರನ್ನ ಬಿಟ್ಟಿದೆ?"

"ಗೊತ್ತಿಲ್ಲ. ಅಂಗೈ ತಿರುಗಿಸಿ ಹಣೆ ಮುಟ್ಟಿದ್ರೆ ಗೊತ್ತಾಗ್ತಿತ್ತು. ನಾನು ನಂಬರು ಕೇಳ್ದೆ." ಪರದೆಯನ್ನು ಗಲ್ಲದಿಂದ ತೋರಿಸಿದಳು. "ಎಂಬತ್ತಾರು."

ಅಳು ಬಂದದ್ದು ನನಗೆ. ಅವಳ ಕಣ್ಣು ಒಣಗಿಯೇ ಇತ್ತು. ಹೊರಗೆ ಹೋಗಿ ಟಾರ್ಪಾಲು ಬಿಚ್ಚಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಂತ್ರ ತಣ್ಣಗಾಗುತ್ತಿತ್ತು, ಕುರ್ಚಿ ಉಳಿಯುತ್ತಿತ್ತು, ಇವಳು ಅದರ ಮೇಲೆ ಹೀಗೇ ಅಂಕಿ ಹೇಳಿಕೊಂಡು ಮುದುಕಿಯಾಗುತ್ತಿದ್ದಳು. ನಾನು ಬಿಚ್ಚಲಿಲ್ಲ. ಮನೆಗೆ ಹೋದವಳು ಕಸೂಬಾ ಸಿಕ್ಕಿಸುತ್ತಿದ್ದಂಥದೇ ಒಂದು ಕೆಂಪು ಬಾಚಣಿಗೆಗಾಗಿ ಊರೆಲ್ಲ ಅಲೆದೆ.

ಮರುದಿನ ಬೆಳಗ್ಗೆ ಹೆಂಗಸರು ತಟ್ಟಿ ಎತ್ತಲು ಬಂದಾಗ ಅಡ್ಡ ನಿಂತೆ. "ಇವತ್ತು ಯಾರೂ ಏನೂ ಎತ್ತಬೇಡಿ."

"ಎಂಜಿನಿಯರ್ ಬರ್ತಾನೆ, ಮಾನ ಮರ್ಯಾದೆ ಬೇಡ್ವಾ?" ಎಂದಳು ಬಾನಾ ಚೋಲಾ.

"ಮರ್ಯಾದೆ ಮಾಡಿದ್ದು ಸಾಕು. ಸುಮ್ನೆ ನಿಲ್ಲು."

ಸಿಯಾಮೆ ಬಂದು ಪೆಟ್ಟಿಗೆಯೊಳಗೆ ಹೋದ. ಫ್ಯಾನುಗಳು ಕೀರಲಿಡುತ್ತಿದ್ದವು. ನಾನು ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯನ್ನು ಹುಡುಗಿಯರಂತೆ ಮೊಣಕಾಲಿಗೆ ಎತ್ತಿ ಕಟ್ಟಿದೆ. ನನ್ನ ನಾಲ್ಕು ಬಿಳಿಕೂದಲಲ್ಲಿ ಕೆಂಪು ಬಾಚಣಿಗೆ ಸಿಕ್ಕಿಸಿದೆ. ಅದು ನಿಲ್ಲಲೊಲ್ಲದೆ ಕಿವಿಯ ಮೇಲೆ ಜೋತುಬಿತ್ತು. ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದನ್ನು ಸೊಂಟದ ಮೇಲಿಟ್ಟೆ. ಹೆಂಗಸರಿಗೆ ಅರ್ಥವಾಯಿತು. ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು.

"ಬೇಡ ಬಾನಾ ಲೊಂಬೆ. ಮಣ್ಣು ಮಾಡೋ ದಿನ ಆಡೋ ಆಟ ಅದು. ಈಗ ಬೇಡ."

"ಸೂತಕ ಇನ್ನೂ ಇದೆ. ಹಕ್ಕು ನಂದು."

 ಒಳಗಿದ್ದವಳ ಕಿವಿಗೆ ಬೀಳುವಂತೆ ಕಿರುಚಿದೆ.

"ಅಮ್ಮಾವ್ರೇ! ಹಿಂದೆ ಸರೀರಿ! ಅದು ಉಸಿರಾಡ್ಬೇಕು! ನಿಮ್ಮ ಮೂಗಿಗೆ ಯಾರಾದ್ರೂ ಗೆಣಸು ತುರುಕಿದ್ರೆ ಸುಮ್ನಿರ್ತೀರಾ?"

ಯಾರೂ ನಗಲಿಲ್ಲ. ಮತ್ತೆ ಕಿರುಚಿದೆ. ಸೌಟು ಆಡಿಸಿದೆ, ಸೊಂಟ ಕುಣಿಸಿದೆ. ಬಾಚಣಿಗೆ ಕೆಸರಿಗೆ ಬಿತ್ತು. ಮೂರನೆಯ ಸಲ ಬಾಯಿ ತೆರೆಯುವಾಗ ಪೆಟ್ಟಿಗೆಯ ಮೂಲೆಯಲ್ಲಿ ಬಾನಾ ಕಸೂಬಾ ನಿಂತಿದ್ದಳು. ಸಾವಾದ ಮೇಲೆ ಮೊದಲ ಸಲ ಆ ಬದಿಗೆ ಬಂದಿದ್ದಳು. ಅವಳ ಹಿಂದೆ ಸಿಯಾಮೆ, ಏನೂ ತಿಳಿಯದೆ ಕಣ್ಣು ಬಿಡುತ್ತ.

ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ತಿನ್ನುತ್ತಿದ್ದೆ.

"ಗೆಣಸಲ್ಲ" ಎಂದಳು.

"ಏನು?"

"ಅವಳು ಗೆಣಸು ಅಂತಿರ್ಲಿಲ್ಲ. ಒಣಮೀನು ಅಂತಿದ್ಲು."

ಭಯಕ್ಕೆ ನನ್ನ ನಾಲಿಗೆ ತಪ್ಪಿತ್ತು. "ನನಗೆ ಬರಲ್ಲ ಹೋಗೆ" ಎಂದೆ. "ಬಂದ್ರೆ ನೀನೇ ಹೇಳು."

ಅವಳು ಕೆಸರಿನಿಂದ ಬಾಚಣಿಗೆ ಎತ್ತಿ ಸೆರಗಿನಂತೆ ಹೊದ್ದ ಬಟ್ಟೆಗೆ ಒರೆಸಿದಳು.  ಆಮೇಲೆ ಬಾಯಿ ತೆರೆದಳು. ಮಗಳದೇ ಗಂಟಲು, ಹುಡುಗಿಗೆ ಅದು ಎಲ್ಲಿಂದ ಬಂದಿತ್ತೆಂದು ಅಂದು ತಿಳಿಯಿತು.

"ಹಿಂದೆ ಸರೀರಿ!" ಎಂದು ಕೂಗಿದಳು. "ಎಷ್ಟು ಸಲ ಹೇಳ್ಬೇಕು ನಿಮಗೆ! ಕಸೂಬಾ ಎಷ್ಟು ಸಲ ಹೇಳಿದ್ಲು ನಿಮಗೆ! ಅದು ಉಸಿರಾಡ್ಬೇಕು! ನಿಮ್ಮ ಮೂಗಿಗೆ ಯಾರಾದ್ರೂ ಒಣಮೀನು..."

ಅಲ್ಲಿಗೆ ದನಿ ಒಡೆಯಿತು. ಅವಳು ಟಾರ್ಪಾಲಿನ ಹಗ್ಗಕ್ಕೆ ಕೈ ಹಾಕಿ ಎಳೆದಳು. ರಾತ್ರಿಯಿಡೀ ಅದರ ಮೇಲೆ ನಿಂತಿದ್ದ ಮಳೆನೀರು ದಬದಬನೆ ನಮ್ಮಿಬ್ಬರ ತಲೆಯ ಮೇಲೆ ಬಿತ್ತು. ಬಾನಾ ಚೋಲಾ ಕಿಸಕ್ಕೆಂದಳು. ನಾನೂ ನಕ್ಕೆ. ಬಾನಾ ಕಸೂಬಾ ನೆನೆದು ತೊಪ್ಪೆಯಾಗಿ ನಿಂತವಳು ಬಿಕ್ಕಿದಳು. ಅದು ನಗುವಿನ ಹಾಗೇ ಶುರುವಾಯಿತು. ಆಮೇಲೆ ಅಲ್ಲೇ ಕೆಸರಲ್ಲಿ ಕುಸಿದು, ಬಾಚಣಿಗೆಯನ್ನು ಎದೆಗೆ ಒತ್ತಿಕೊಂಡು, ಮಣ್ಣು ಮಾಡುವ ದಿನ ಅಳಬೇಕಾಗಿದ್ದದ್ದನ್ನೆಲ್ಲ ಅತ್ತಳು.

 ಸಿಯಾಮೆ ಅಂಗಿಯ ತೋಳು ಮಡಚಿ ತಟ್ಟಿಗಳನ್ನು ಹಿಂದಕ್ಕೆ ಹೊರತೊಡಗಿದ. ಒಂದಿಷ್ಟು ಕಲ್ಲು ಆರಿಸಿ ತಂದು ಅಂಗಳದಲ್ಲಿ ಗೆರೆಯಂತೆ ಜೋಡಿಸಿದ.

"ಇದರಿಂದ ಈಚೆ ತರಬೇಡಿ ಅಮ್ಮ. ಆಚೆ ಎಷ್ಟು ಬೇಕಾದ್ರೂ ಒಣಗಿಸ್ಕೊಳ್ಳಿ." ಕೈ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿದ. "ಪ್ರತಿ ಸಲ ಅಂಗಳ ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ ಅಂತ ಮೇಲಿನವ್ರಿಗೆ ಬರೀತಿದ್ದೆ ನಾನು."

"ಇನ್ಮೇಲೆ ಗಲೀಜಾಗಿದೆ ಅಂತ ಬರಿ. ಆ ಕುರ್ಚಿ ವಿಷಯ ಏನ್ ಬರೀತೀಯ?"

"ಕುರ್ಚಿ ಅವರದೇ. ಕಾರಣ ಸಿಕ್ತಲ್ಲ."

ಅಳು ಇಳಿದ ಮೇಲೆ ಅವಳನ್ನು ಎಬ್ಬಿಸಿ, ಒಣಬಟ್ಟೆ ಸುತ್ತಿ ಒಳಗೆ ಕರೆದುಕೊಂಡು ಹೋದೆ. ಫ್ಯಾನುಗಳು ಮತ್ತೆ ಗುಂಯ್‌ಗುಡುತ್ತಿದ್ದವು. ಅವಳು ಸಾಲುಗಳ ನಡುವೆ ನಡೆದು ಅಂಗೈ ತಿರುಗಿಸಿ ಒಂದು ಯಂತ್ರ ಮುಟ್ಟಿದಳು. ಬೊಬ್ಬೆ ಮಾಯದ ಬೆರಳು, ಚುರುಕ್ಕೆಂದಿರಬೇಕು, "ಸ್" ಎಂದು ಕೈ ಹಿಂದೆ ತೆಗೆದಳು. ಆಮೇಲೆ ಬಂದು ಕುರ್ಚಿಯ ಮೇಲೆ ಕೂತಳು. ಪರದೆ ತುಂಬ ಹಸಿರು, ಮೊದಲ ಸಾಲಿನಲ್ಲಿ ಅರವತ್ತೊಂಬತ್ತು ಎಂದು ನನಗೇ ಓದಲು ಬರುತ್ತಿತ್ತು.

"ಬಾನಾ ಕಸೂಬಾ" ಎಂದೆ. ಮಳೆ ಶುರುವಾದಾಗಿನಿಂದ ಆ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. "ಹೇಗಿದ್ದೀಯೇ?"

ಅವಳು ಪರದೆಯನ್ನು ನೋಡಿದಳು. ಅಂಕಿ ಓದಲಿಲ್ಲ.

"ಚೆನ್ನಾಗಿಲ್ಲ" ಎಂದಳು. "ಒಂದು ಚೂರೂ ಚೆನ್ನಾಗಿಲ್ಲ ಕಣೇ."

ನಾನು ಮೂಲೆಯಲ್ಲಿದ್ದ ಡಬ್ಬ ಎಳೆದುಕೊಂಡು ಅವಳ ಪಕ್ಕ ಕೂತೆ.